ಕಿವಿ ಮುಟ್ಟುವ ಮುಂಚಿನ ವರ್ಷಗಳು

ನೀಲಕ್ಕ ಗಿರಣಿಗೆ ಬಂದಾಗ ನಾನು ಸ್ಟೂಲಿನ ಮೇಲೆ ನಿಂತು ರಾಗಿ ಸುರಿಯುತ್ತಿದ್ದೆ. ನನ್ನ ಬಲಗೈ ಎಡಗೈಗಿಂತ ನಾಲ್ಕು ಬೆರಳು ಗಿಡ್ಡ. ಸ್ಟೂಲಿಲ್ಲದೆ ಗಿರಣಿಯ ಬಾಯಿ ಎಟುಕುವುದಿಲ್ಲ. ಅವಳು ಬಾಗಿಲಲ್ಲೇ ನಿಂತು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಯಂತ್ರ ನಿಲ್ಲಿಸು ಎಂದು ಸನ್ನೆ ಮಾಡಿದಳು. ಯಂತ್ರದ ಪಟ್ಟಿ ನಿಂತ ಮೇಲೂ ಸ್ವಲ್ಪ ಹೊತ್ತು ತಲೆಯೊಳಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಆ ಸದ್ದಿನ ನಡುವೆಯೇ ಅವಳ ಮಾತು ಕೇಳಿಸಿತು.

"ಆಸ್ಪತ್ರೆಯೋರು ನನ್ನದು ಬೇಡ ಅಂದ್ರು ಕಣೆ. ಮೂವತ್ತೊಂದು ದಾಟಿದೋರ ಮೊಟ್ಟೆ ಅವರು ತೆಗೆಯೋದೇ ಇಲ್ಲವಂತೆ. ನನಗೆ ಮೂವತ್ತೆರಡಾಯ್ತಲ್ಲ. ತಂಗಿ ಗಿಂಗಿ ಇದ್ದಾಳಾ ಅಂತ ಕೇಳಿದ್ರು."

"ನೀನೇನಂದೆ?"

"ಇದ್ದಾಳೆ, ಇಪ್ಪತ್ತೊಂಬತ್ತು, ಗುಂಡುಕಲ್ಲಿನ ಹಾಗಿದ್ದಾಳೆ ಅಂದೆ."

ನಮ್ಮೂರಲ್ಲಿ ಮಗು ಹುಟ್ಟಿದ್ದನ್ನು ಯಾರೂ ಬರೆದಿಡುವುದಿಲ್ಲ. ಬಲಗೈ ತಲೆಯ ಮೇಲಿಂದ ಹಾದು ಎಡಗಿವಿಯನ್ನು ಮುಟ್ಟಿದ ದಿನ ಪುರಸಭೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಪುಸ್ತಕದಲ್ಲಿ ಹೆಸರು ಬರೆದು, ಬಾಯಿಗೊಂದು ಚೂರು ಬೆಲ್ಲ ಹಾಕುತ್ತಾರೆ. ವಯಸ್ಸು ಶುರುವಾಗುವುದು ಅಲ್ಲಿಂದ. ಅಕ್ಕ ತಂಗಿ, ಅಣ್ಣ ತಮ್ಮ ಎಲ್ಲ ತೀರ್ಮಾನವಾಗುವುದೂ ಅಲ್ಲಿಂದಲೇ. ಅದಕ್ಕಿಂತ ಹಿಂದಿನದನ್ನು ಯಾರಾದರೂ ಎತ್ತಿದರೆ ದೊಡ್ಡವರು ಮುಖ ಬೇರೆ ಕಡೆ ತಿರುಗಿಸುತ್ತಾರೆ, ಒಳಗೆ ಯಾರೋ ಇರುವ ಸ್ನಾನದ ಮನೆಯ ಬಾಗಿಲು ತೆರೆದುಬಿಟ್ಟವರ ಹಾಗೆ. ಆ ಪುಸ್ತಕ ಬರೆಯುವ ಕೆಲಸ ಹನ್ನೆರಡು ವರ್ಷದಿಂದ ನೀಲಕ್ಕನದೇ. ಬೆಳಗಿಂದ ಮಧ್ಯಾಹ್ನದವರೆಗೆ ಬೇರೆಯವರ ಮಕ್ಕಳ ಗದ್ದ ಹಿಡಿದು, "ತಲೆ ವಾಲಿಸಬಾರದು ಪುಟ್ಟಾ, ನೆಟ್ಟಗೆ," ಅನ್ನುತ್ತಾಳೆ. ಬೆರಳ ತುದಿ ಕೂದಲೆಳೆಯಷ್ಟು ದೂರ ಉಳಿದರೂ ಬರೆಯುವುದಿಲ್ಲ. ತಾಯಂದಿರು ಬೇಡಿಕೊಳ್ಳುತ್ತಾರೆ, ಬೈಯುತ್ತಾರೆ. ಅವಳು ಮಗುವಿನ ಕೆನ್ನೆ ಸವರಿ, ಮುಂದಿನ ಅಮಾವಾಸ್ಯೆ ಕಳೆದು ಬಾ ಅಂತ ಕಳಿಸುತ್ತಾಳೆ. ಅವಳಿಗೆ ಮಕ್ಕಳಿರಲಿಲ್ಲ. ಭಾವ ಶಾಂತವೀರ ಅದನ್ನು ಯಾವತ್ತೂ ಆಡಿ ತೋರಿಸಿದವರಲ್ಲ. ಆದರೆ ನನ್ನ ಮಗಳು ಮುಕ್ತಾ "ದೊಡ್ಡಮ್ಮ" ಎಂದು ಕರೆದಾಗಲೆಲ್ಲ ಅವರು ಪೇಪರಿನಿಂದ ತಲೆಯೆತ್ತಿ ನೋಡುತ್ತಿದ್ದರು.

ನೀಲಾ ಹುಟ್ಟಿದ ದಿನ ನನಗೆ ನೆನಪಿದೆ. ಹಂಡೆಯ ನೀರು ಕುದಿಯುತ್ತಿತ್ತು. ಸೂಲಗಿತ್ತಿ ನನ್ನನ್ನು ಒಲೆಯ ಹತ್ತಿರ ಕೂರಿಸಿ, ಬೆಂಕಿ ಆರದ ಹಾಗೆ ನೋಡಿಕೋ ಅಂದಿದ್ದಳು. ನಾಲ್ಕು ವರ್ಷದವಳಿರಬೇಕು ನಾನು. ಆಮೇಲೆ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿಯೆಲ್ಲ ಸುತ್ತಿದವಳೂ ನಾನೇ. ಹಾಗೆ ಸುತ್ತುತ್ತಿರುವಾಗ ಬಾವಿಯ ಕಟ್ಟೆಯಿಂದ ಇಳಿಯುವ ಮೆಟ್ಟಿಲಲ್ಲಿ ಜಾರಿದೆ. ಮಗುವನ್ನು ಎದೆಗೆ ಅವುಚಿಕೊಂಡು ಬಲಗೈ ಮೇಲೆ ಬಿದ್ದೆ. ಮಗುವಿಗೆ ತರಚಲೂ ಇಲ್ಲ. ನನ್ನ ಕೈಗೆ ಬಿದಿರಿನ ದಬ್ಬೆ ಕಟ್ಟಿದರು. ಮೂಳೆ ಕೂಡಿತು, ಆದರೆ ಕೈ ಅಲ್ಲಿಂದ ಬೆಳೆಯಲಿಲ್ಲ.

ನೀಲಾಗೆ ಕಿವಿ ಸಿಕ್ಕಿದ್ದು ಅವಳು ಹುಟ್ಟಿದ ಆರನೇ ವರ್ಷಕ್ಕೆ. ನನಗೆ ಸಿಗಲಿಲ್ಲ. ವರ್ಷ ವರ್ಷ ಅಮ್ಮ ನನ್ನನ್ನು ಮೆಟ್ಟಿಲಿಗೆ ಕರೆದುಕೊಂಡು ಹೋಗುತ್ತಿದ್ದಳು, ವರ್ಷ ವರ್ಷ ವಾಪಸು ಕಳಿಸುತ್ತಿದ್ದರು. ನೀಲಾ ಶಾಲೆಗೆ ಹೋದಳು, ನಾನು ಮನೆಯಲ್ಲಿ ಮುಸುರೆ ತಿಕ್ಕಿದೆ. ಕಾಯಿಲೆ ಕಸಾಲೆಯಲ್ಲಿ ಬೆಳೆದವಳಾದ್ದರಿಂದ ಎತ್ತರದಲ್ಲೂ ನಾನು ಅವಳಿಗಿಂತ ಹೆಚ್ಚಿರಲಿಲ್ಲ. ಕೊನೆಗೆ ನನ್ನ ಬೆರಳು ಕಿವಿಯ ಅಂಚನ್ನು ಸವರಿದ್ದು ನೀಲಾ ಮುಟ್ಟಿ ಮೂರು ವರ್ಷವಾದ ಮೇಲೆ. ಅವತ್ತಿನಿಂದ ಅವಳು ಅಕ್ಕ, ನಾನು ತಂಗಿ. ಮೊದಲ ವಾರ ನಾಲಿಗೆ ತೊಡರಿತು, ಆಮೇಲೆ ಅಭ್ಯಾಸವಾಯಿತು.

ಒಂದು ವಿಷಯ ಮಾತ್ರ ಅಮ್ಮನಿಗೂ ನನಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಕಿವಿ ಮುಟ್ಟುವುದಕ್ಕೆ ಎಂಟು ತಿಂಗಳು ಮುಂಚೆಯೇ ನಾನು ಮೈನೆರೆದಿದ್ದೆ. "ವಯಸ್ಸೇ ಶುರುವಾಗದೋಳು ನೆರೆದ್ಲು ಅಂದ್ರೆ ಯಾರು ಕಟ್ಕೋತಾರೆ ನಿನ್ನ," ಅಂತ ಅಮ್ಮ ನನ್ನ ಬಟ್ಟೆಗಳನ್ನು ಹಿತ್ತಲಲ್ಲಿ ಗೋಣಿಚೀಲದ ಅಡಿಯಲ್ಲಿ ಒಣಗಿಸುತ್ತಿದ್ದಳು. ಎಲ್ಲ ಹುಡುಗಿಯರ ಹಾಗೆ ಕಿವಿ ಮುಟ್ಟಿ ಐದನೇ ವರ್ಷಕ್ಕೆ ಒಂದು ದಿನ ಗೊತ್ತು ಮಾಡಿ, ಬೀದಿಯ ಹೆಂಗಸರನ್ನೆಲ್ಲ ಕರೆದು ಆರತಿ ಎತ್ತಿಸಿದಳು. ನಾನು ನಾಚಿಕೊಂಡವಳ ಹಾಗೆ ತಲೆ ತಗ್ಗಿಸಿ ಕೂತಿದ್ದೆ. ಆಮೇಲೆ ಅಮ್ಮ, ಇದನ್ನು ಯಾರಿಗೂ ಹೇಳಕೂಡದೆಂದು ದೇವರ ಮುಂದೆ ನನ್ನ ಕೈಲಿ ಆಣೆ ಇಡಿಸಿದಳು. ಅವಳು ಹೋಗಿ ಬಹಳ ಕಾಲವಾಯಿತು. ಆಣೆ ಉಳಿದುಕೊಂಡಿತ್ತು.

"ಏನೇ, ಮಾತಾಡಲ್ಲ?" ಅಂದಳು ನೀಲಕ್ಕ ಗಿರಣಿಯ ಬಾಗಿಲಲ್ಲಿ.

ಆಗಲೇ ಹೇಳಬಹುದಿತ್ತು. ಯಂತ್ರ ನಿಂತಿತ್ತು, ಬೇರೆ ಗಿರಾಕಿ ಇರಲಿಲ್ಲ. ಆದರೆ ಒಳಗೆ ಚೀಲ ಹೊಲಿಯುತ್ತಿದ್ದ ನನ್ನ ಗಂಡ ಮಹಾಲಿಂಗನ ಕೆಮ್ಮು ಕೇಳಿಸುತ್ತಿತ್ತು. ಅವನಿಗೆ ಮೂವತ್ತೊಂದು. ನನಗಿಂತ ಎರಡು ವರ್ಷ ದೊಡ್ಡವನು ಎಂದು ಲಗ್ನವಾದವನು. ಹುಟ್ಟಿನಿಂದ ಲೆಕ್ಕ ಹಿಡಿದರೆ ಅವನಿಗಿಂತ ನಾನೇ ಐದು ವರ್ಷ ದೊಡ್ಡವಳು. ನನ್ನ ಮೇಲೆ ಸಿಟ್ಟು ಬಂದಾಗ, "ಚಿಕ್ಕ ಹುಡುಗೀನ ಕಟ್ಕೊಂಡು ಇಷ್ಟು ಅನುಭವಿಸಬೇಕಾ ನಾನು," ಅಂತ ನಗುತ್ತಿದ್ದ. ಆ ಚಿಕ್ಕ ಹುಡುಗಿಯಾಗಿಯೇ ಹದಿನೈದು ವರ್ಷ ಬಾಳಿದ್ದೆ. ಇನ್ನೊಂದು ಮಾತೂ ಇತ್ತು. ಊರೇ ನಂಬಿದ್ದನ್ನು ನನ್ನ ಮೈ ಮಾತ್ರ ನಂಬದೆ ಇರುತ್ತದೆಯೇ ಅಂತಲೂ ಅನ್ನಿಸಿತು. ಪುಸ್ತಕದಲ್ಲಿ ಇಪ್ಪತ್ತೊಂಬತ್ತು ಎಂದಿದ್ದರೆ ಒಳಗೂ ಇಪ್ಪತ್ತೊಂಬತ್ತೇ ಇದ್ದೀತು.

"ಯಾವಾಗ ಬರ್ಬೇಕಂತೆ?" ಅಂದೆ.

ಅವಳು ಒಳಗೆ ಬಂದು ಹಿಟ್ಟಿನ ಕೈಯನ್ನೇ ಹಿಡಿದುಕೊಂಡಳು. ಅಳುವವಳಲ್ಲ ಅವಳು. ಕೈಯನ್ನು ಸುಮ್ಮನೆ ಹಿಡಿದುಕೊಂಡಿದ್ದಳು.

ಸೂಜಿ ಚುಚ್ಚುವುದನ್ನು ನೀಲಕ್ಕ ಆಸ್ಪತ್ರೆಯಲ್ಲಿ ಕಲಿತುಕೊಂಡಳು. ದಿನಾ ಸಂಜೆ ಆರಕ್ಕೆ ಸರಿಯಾಗಿ ಬಂದು, ನನ್ನ ಹೊಟ್ಟೆಯ ಮಡಿಕೆ ಹಿಡಿದು, ಉಫ್ ಉಫ್ ಎಂದು ಊದಿ ಚುಚ್ಚುತ್ತಿದ್ದಳು. ಖರ್ಜೂರ, ಎಳ್ಳುಂಡೆ, ಗಟ್ಟಿ ಹಾಲು. ಹತ್ತು ದಿನಕ್ಕೆ ನನ್ನ ಮುಖ ಉಬ್ಬಿತು. ಸ್ಕ್ಯಾನಿನ ಕೋಣೆಯಲ್ಲಿ ಡಾಕ್ಟರ್ ಇಂದುಮತಿ ಪರದೆಯನ್ನು ನೋಡುತ್ತ ಎಡಕ್ಕೂ ಬಲಕ್ಕೂ ಬಹಳ ಹೊತ್ತು ಹುಡುಕಿದರು. ಅಂಡದ ಗುಳ್ಳೆ ಹದಿನೈದಾದರೂ ಕಾಣಬೇಕಿತ್ತಂತೆ. ಕಂಡದ್ದು ಆರು.

"ಔಷಧಕ್ಕೆ ಅಂಡಾಶಯ ಅಷ್ಟಾಗಿ ಸ್ಪಂದಿಸ್ತಿಲ್ಲ," ಅಂದರು. "ಆಗತ್ತೆ ಒಮ್ಮೊಮ್ಮೆ. ಮುಂದಿನ ಸಲ ಡೋಸ್ ಜಾಸ್ತಿ ಮಾಡೋಣ."

ಪ್ರಜ್ಞೆ ತಪ್ಪಿಸಿ ಅಂಡ ತೆಗೆದಾಗ ಸಿಕ್ಕಿದ್ದು ಐದು. "ಇಷ್ಟು ತಿಂದು ಐದೇನಾ?" ಅಂದಳು ನೀಲಕ್ಕ, ಆಸ್ಪತ್ರೆಯ ಮಂಚದ ಪಕ್ಕ ಕೂತು ನನ್ನ ತಲೆ ಬಾಚುತ್ತಾ. "ಎದುರುಮನೆ ಕೋಳಿ ನಿನಗಿಂತ ವಾಸಿ." ಇಬ್ಬರೂ ನಕ್ಕೆವು. ಭಾವನ ಬೀಜ ಸೇರಿಸಿದ ಮೇಲೆ ಮೂರು ಭ್ರೂಣವಾಯಿತು. ಐದನೇ ದಿನದವರೆಗೆ ಬೆಳೆದದ್ದು ಎರಡು. ಅವೆರಡರಿಂದಲೂ ಒಂದೆರಡು ಕಣ ತೆಗೆದು ಕ್ರೋಮೋಸೋಮು ಎಣಿಸಲು ಕಳಿಸಿ, ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಇಟ್ಟರು. ಆ ಎರಡು ವಾರ ನೀಲಕ್ಕ ಯಾರ ಮಗುವನ್ನೂ ವಾಪಸು ಕಳಿಸಲಿಲ್ಲವಂತೆ. ವಾಪಸು ಕಳಿಸುವಂಥವರು ಬರಲೇ ಇಲ್ಲ, ಒಳ್ಳೇ ಶಕುನ ಅಂತ ನನಗೆ ಬಂದು ಹೇಳಿದಳು.

ಒಂದು ಭ್ರೂಣದಲ್ಲಿ ಒಂದು ಕ್ರೋಮೋಸೋಮು ಹೆಚ್ಚು, ಇನ್ನೊಂದರಲ್ಲಿ ಎರಡು ಕಡಿಮೆ. ಎರಡೂ ಗರ್ಭದಲ್ಲಿ ನಿಲ್ಲುವಂಥವಲ್ಲ ಎಂದರು.

ಎರಡನೇ ಸಲ ಡೋಸ್ ಜಾಸ್ತಿ ಮಾಡಿದರು. ಅಂಡ ನಾಲ್ಕು, ಐದನೇ ದಿನಕ್ಕೆ ಒಂದು, ಅದೂ ಸರಿಯಿಲ್ಲ. ಫಲಿತಾಂಶ ಬಂದ ದಿನ ಡಾಕ್ಟರ್ ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ಅವರೂ ನಮ್ಮೂರಿನವರೇ, ಕಿವಿ ಮುಟ್ಟಿದವರೇ. ಹೇಳುವ ಮಾತನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು.

"ನೋಡಿ ಗಂಗಮ್ಮ, ಅಂಡ ಕಡಿಮೆ ಬರೋದು ಚಿಕ್ಕ ವಯಸ್ಸಲ್ಲೂ ಆಗತ್ತೆ. ಕೆಲವರಿಗೆ ಬೇಗ ಬರಿದಾಗತ್ತೆ, ಕಾರಣ ನಮಗೂ ಗೊತ್ತಾಗಲ್ಲ. ಆದರೆ ಅಂಥೋರಲ್ಲಿ ಬೆಳೆದ ಎರಡು ಮೂರರಲ್ಲಿ ಒಂದಾದ್ರೂ ಸಾಮಾನ್ಯವಾಗಿ ಸರಿಯಿರತ್ತೆ. ನಿಮ್ಮಲ್ಲಿ ಸಂಖ್ಯೆಯೂ ಇಲ್ಲ, ಬೆಳೆದದ್ದೂ ಸರಿಯಿಲ್ಲ. ಎರಡೂ ಒಟ್ಟಿಗೆ ಹೀಗಾದ್ರೆ ನಾವು ವಯಸ್ಸು ಅಂತೀವಿ." ಅವರು ತಲೆ ತಗ್ಗಿಸಿ ಕೇಳಿದರು. "ತಪ್ಪು ತಿಳೀಬೇಡಿ. ನೀವು ಮೈನೆರೆದದ್ದು ಎಷ್ಟನೇ ವರ್ಷಕ್ಕೆ?"

"ಎಲ್ಲರ ಹಾಗೆ ಐದನೇ ವರ್ಷಕ್ಕೆ," ಅಂದೆ. "ಬೀದಿಯೋರೆಲ್ಲ ಬಂದಿದ್ರು. ಬೇಕಾದ್ರೆ ಕೇಳಿ."

ಅವರು ನನ್ನ ಗಿಡ್ಡ ಕೈಯನ್ನು ನೋಡಿದರು. ನಾನು ಅದನ್ನು ಸೆರಗಿನೊಳಗೆ ಎಳೆದುಕೊಂಡೆ. ಅವರು ಮತ್ತೆ ಕೇಳಲಿಲ್ಲ. ಇಂಥದ್ದನ್ನು ಎರಡನೇ ಸಲ ಕೇಳುವುದು ನಮ್ಮೂರಲ್ಲಿ ಇಲ್ಲ.

ಹೊರಗೆ ಬೆಂಚಿನ ಮೇಲೆ ನೀಲಕ್ಕ ಕಾಯುತ್ತಿದ್ದಳು. "ಏನಂದ್ರೇ?" ಅಂದಳು.

"ಇನ್ನೊಂದು ಸಲ ನೋಡೋಣ ಅಂದ್ರು," ಅಂದೆ.

ಡಾಕ್ಟರ್ ಹಾಗಂದಿರಲಿಲ್ಲ. ಆ ಸುಳ್ಳು ನನ್ನದು. ಅಮ್ಮನ ಆಣೆಯ ಮೇಲೆ ಅದನ್ನು ಹೊರಿಸಲಾರೆ.

ನಾವೇ ಕೇಳಿಕೊಂಡಾಗ ಡಾಕ್ಟರ್ ಮೂರನೇ ಸಲಕ್ಕೆ ಒಪ್ಪಿ, ನನ್ನ ಮೈ ಸುಧಾರಿಸಲೆಂದು ಆರು ತಿಂಗಳು ಬಿಡುವು ಕೊಟ್ಟರು. ಆ ಆರು ತಿಂಗಳು ನೀಲಕ್ಕ ನನ್ನನ್ನು ಸ್ಟೂಲು ಹತ್ತಲು ಬಿಡಲಿಲ್ಲ. ಕೆಲಸ ಮುಗಿಸಿ ಬಂದು ತಾನೇ ರಾಗಿ ಸುರಿದಳು. ಮಹಾಲಿಂಗ, "ನಿಮ್ಮ ತಂಗೀನ ಗಾಜಿನ ಬೀರುವಿನಲ್ಲಿ ಇಡಿ ಅಕ್ಕಾ," ಅಂತ ರೇಗಿಸುತ್ತಿದ್ದ. ಒಂದು ಸಂಜೆ ಹಿಟ್ಟು ಮೆತ್ತಿದ ಅವಳ ತಲೆ ನೋಡಿದೆ. ಬೈತಲೆಯ ಎರಡೂ ಕಡೆ ಬೆಳ್ಳಗೆ. ಕೊಡವಿದಾಗ ಹಿಟ್ಟು ಹೋಯಿತು, ಒಂದಷ್ಟು ಬಿಳಿ ಹಾಗೆಯೇ ಉಳಿಯಿತು. ನಾನು ಅಲ್ಲಿ ಹಾಲು ಕುಡಿಯುತ್ತ ಕೂತಿದ್ದ ಹೊತ್ತಿನಲ್ಲಿ ಅವಳೊಳಗೆ ಇದ್ದ ಅಂಡಗಳೂ ತಿಂಗಳಿಗಿಷ್ಟು ಕರಗುತ್ತಿವೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಲು ಮುಗಿಸಿ ಲೋಟ ಕೆಳಗಿಟ್ಟೆ.

ಮೂರನೇ ಸಲ ಅಂಡ ಎರಡು. ಎಣಿಸಲು ಕಳಿಸುವಂಥದ್ದು ಒಂದೂ ಆಗಲಿಲ್ಲ.

"ನಾಲ್ಕನೇ ಸಲ ಆಗೇ ಆಗತ್ತೆ," ಅಂದಳು ನೀಲಕ್ಕ. ಅವತ್ತೇ ನಾನು ಮಾರನೇ ದಿನ ಮಧ್ಯಾಹ್ನ ಪುರಸಭೆಗೆ ಹೋಗುವುದೆಂದು ನಿಶ್ಚಯಿಸಿದೆ. ಹೋದಾಗ ಮಕ್ಕಳೆಲ್ಲ ಹೊರಟುಹೋಗಿದ್ದರು. ಮೆಟ್ಟಿಲ ಮೇಲೆ ಬೆಲ್ಲದ ಚೂರಿಗೆ ಇರುವೆ ಮುತ್ತಿತ್ತು. ಅವಳು ಮೇಜಿನ ಮುಂದೆ ಬುತ್ತಿ ಬಿಚ್ಚಿದ್ದಳು.

"ನೀಲಾ," ಅಂದೆ.

ಅಕ್ಕ ಎನ್ನದೆ ಕರೆದದ್ದಕ್ಕೆ ಅವಳು ತಲೆಯೆತ್ತಿದಳು. ಹೇಳಿದೆ. ಹಂಡೆಯ ನೀರು, ಅವಳನ್ನು ಎತ್ತಿಕೊಂಡು ತಿರುಗಿದ್ದು, ಗೋಣಿಚೀಲ, ಆರತಿ. ಅವಳು ಕೇಳುತ್ತಲೇ ರೊಟ್ಟಿಯನ್ನು ನಾಲ್ಕಾಗಿ ಮಡಿಸಿ ಡಬ್ಬಿಗೆ ಹಾಕಿ ಮುಚ್ಚಿದಳು. ಆಮೇಲೆ ಎದ್ದುಹೋಗಿ ಕಪಾಟಿನಿಂದ ಹಳೆಯ ಪುಸ್ತಕವೊಂದನ್ನು ತಂದು ಬಿಡಿಸಿದಳು.

"ಇಲ್ಲಿ ನನ್ನ ಹೆಸರು. ಇಲ್ಲಿ, ಮೂರು ವರ್ಷ ಆದ್ಮೇಲೆ, ನಿನ್ನದು. ನೀನು ತಂಗಿ ಅಂತ ಪುಸ್ತಕದಲ್ಲಿದೆ."

"ಮೈಯಲ್ಲಿ ಹಾಗಿಲ್ಲ ಕಣೆ."

"ಪುಸ್ತಕ ಸುಳ್ಳಾದ್ರೆ ನಾನು ಹನ್ನೆರಡು ವರ್ಷದಿಂದ ಇಲ್ಲಿ ಕೂತು ಮಾಡ್ತಿರೋದೇನು?"

ಅವಳು ಬೆರಳನ್ನು ನನ್ನ ಹೆಸರಿನ ಮೇಲೇ ಇಟ್ಟುಕೊಂಡಿದ್ದಳು.

"ಎಷ್ಟು ದಿನದಿಂದ ಗೊತ್ತಿತ್ತು ನಿನಗೆ?"

"ಮೊದಲಿಂದ."

"ಮೊದಲನೇ ಸೂಜಿಗಿಂತ ಮುಂಚೆ?"

"ಹೂಂ."

"ಒಂದೂವರೆ ವರ್ಷ," ಅಂದಳು. "ನಾನು ಊದಿ ಊದಿ ಚುಚ್ತಿದ್ದೆ. ನಿನಗೆ ನೋವಾಗಬಾರದು ಅಂತ." ಪುಸ್ತಕ ಮುಚ್ಚಿದಳು. "ಹೋಗು ಗಂಗಾ. ಬಾಗಿಲು ಹಾಕ್ಕೊಂಡು ಹೋಗು."

ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಮಹಾಲಿಂಗನಿಗೂ ಹೇಳಿದೆ. ಇನ್ನು ಬಚ್ಚಿಡಲು ಏನೂ ಇರಲಿಲ್ಲ. ಅವನು ಕೈಯಲ್ಲಿದ್ದ ತುತ್ತು ನುಂಗಿದ. "ಹಂಗಾದ್ರೆ ಇನ್ಮೇಲೆ ನಿನ್ನ ಬೈಯೋ ಹಾಗಿಲ್ಲ," ಅಂದ. ಆಮೇಲೆ ಇನ್ನೊಂದು ಚೂರು ಸಾರು ಹಾಕು ಅಂದ. ಅಷ್ಟೇ. ಯಾವುದಕ್ಕೆ ಹೆದರಿ ನಾನು ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದೆನೋ, ಅದರ ಬೆಲೆ ಒಂದು ಸೌಟು ಸಾರಿನಷ್ಟಿತ್ತು.

ಹಾಗಾದರೆ ನಿನ್ನದೇ ಅಂಡ ತೆಗೆಸಿ ನೋಡು ಎಂದು ಭಾವ ಎಷ್ಟು ಹೇಳಿದರೂ ನೀಲಾ ಮೂರು ತಿಂಗಳು ಕೇಳಲಿಲ್ಲ. ಆಸ್ಪತ್ರೆಗೆ ಹೋದರೆ ಪುಸ್ತಕ ಸುಳ್ಳು ಎಂದು ತಾನೇ ಒಪ್ಪಿದ ಹಾಗೆ. ಆ ಮೂರು ತಿಂಗಳು ಅವಳು ಎಂದಿನ ಹಾಗೆಯೇ ಮಕ್ಕಳ ಗದ್ದ ಹಿಡಿದು ನೆಟ್ಟಗೆ ನಿಲ್ಲಿಸಿದಳಂತೆ. ನಾನು ಎರಡು ಸಲ ಹೋದೆ. ಬಾಗಿಲು ತೆಗೆದದ್ದು ಭಾವ. ಎರಡನೇ ಸಲ ಅವರು, "ನೀನು ಬಂದಷ್ಟೂ ಅವಳು ಹಟ ಹಿಡೀತಾಳಮ್ಮಾ," ಅಂದರು. ಕೊನೆಗೆ ಅವರೇ ಅವಳನ್ನು ಹೇಗೋ ಹೊರಡಿಸಿದರು. ಡಾಕ್ಟರ್ ಇಂದುಮತಿ ಫಾರಂನಲ್ಲಿ ವಯಸ್ಸಿನ ಜಾಗವನ್ನು ಖಾಲಿ ಬಿಟ್ಟರಂತೆ. ಹಾಗೆ ಬಿಟ್ಟದ್ದು ಆ ಆಸ್ಪತ್ರೆಯಲ್ಲಿ ಅದೇ ಮೊದಲಂತೆ.

ಅವಳ ಅಂಡಾಶಯ ಔಷಧಕ್ಕೆ ಸ್ಪಂದಿಸಿತು. ಮೂವತ್ತೊಂದು ದಾಟಿದವಳೆಂದು ಯಾರೂ ಮುಟ್ಟಿ ನೋಡದೆ ಬಿಟ್ಟಿದ್ದ ಮೈಯಿಂದ ಏಳು ಅಂಡ ಬಂದವು. ಐದು ಕೂಡಿದವು, ಮೂರು ಐದನೇ ದಿನ ಕಂಡವು. ಎಣಿಸಿ ನೋಡಿದಾಗ ಒಂದು ಸರಿಯಾಗಿತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಭಾವ ಅದನ್ನು ಹೇಳಲು ಗಿರಣಿಯವರೆಗೆ ಓಡಿ ಬಂದರು. ಯಂತ್ರದ ಸದ್ದಿನಲ್ಲಿ ಎರಡೆರಡು ಸಲ ಕೂಗಿ ಹೇಳಿದರು.

ಅದನ್ನು ಅವಳ ಗರ್ಭದಲ್ಲಿ ಇಟ್ಟರು. ಹದಿನಾಲ್ಕನೇ ದಿನ ರಕ್ತ ಪರೀಕ್ಷೆ ಮಾಡಿದರು. ಗರ್ಭ ನಿಂತಿರಲಿಲ್ಲ.

"ಸರಿಯಾಗಿರೋದೂ ಮೂರಕ್ಕೊಂದು ಸಲ ಹೀಗೆ ಹೋಗಿಬಿಡತ್ತೆ," ಅಂದರಂತೆ ಡಾಕ್ಟರ್. "ಅದಕ್ಕೇ ಒಂದಕ್ಕಿಂತ ಹೆಚ್ಚು ಇರಬೇಕು ಅನ್ನೋದು. ಸ್ವಲ್ಪ ಮುಂಚೆ ಬಂದಿದ್ದರೆ ಎರಡು ಮೂರು ಸಿಗ್ತಿತ್ತೇನೋ." ಇನ್ನೊಂದು ಸಲ ಪ್ರಯತ್ನಿಸಿದರು. ಅಂಡ ಮೂರು, ಐದನೇ ದಿನಕ್ಕೆ ಒಂದೂ ಇಲ್ಲ. ಅಲ್ಲಿಗೆ ನೀಲಾ ಸಾಕು ಅಂದಳು.

ಇದಾದ ಮೇಲೆ ಮಾಗಿ ಕಳೆದು ಒಂದು ಮಧ್ಯಾಹ್ನ ಅವಳು ಗಿರಣಿಗೆ ಬಂದಳು. ಕೈಯಲ್ಲಿ ಜೋಳದ ಚೀಲ. ನಾನು ಸ್ಟೂಲಿನ ಮೇಲಿದ್ದೆ. ಇಳಿಯಲು ಹೋದರೆ ಬೇಡ ಎಂದು ಸನ್ನೆ ಮಾಡಿ ಚೀಲವನ್ನು ಎತ್ತಿ ಕೊಟ್ಟಳು. ಸುರಿದೆ. ಜೋಳ ನುರಿದು ಹಿಟ್ಟಾಗುವವರೆಗೂ ಅವಳು ಗೋಡೆಗೊರಗಿ ನಿಂತಿದ್ದಳು. ಯಂತ್ರ ನಿಲ್ಲಿಸಿದೆ. ತಲೆಯೊಳಗಿನ ಗುಂಯ್ ಅನ್ನುವುದು ಆರುವವರೆಗೆ ಇಬ್ಬರೂ ಕಾದೆವು.

"ನನ್ನ ಎತ್ಕೊಂಡು ತಿರುಗ್ತಿದ್ದೆ ಅಂದಿದ್ದೆಯಲ್ಲ," ಅಂದಳು.

"ಹೂಂ."

"ಹೇಗಿದ್ದೆ ನಾನು?"

ನಮ್ಮೂರಲ್ಲಿ ಹಾಗೆ ಕೇಳಿದವರನ್ನು ನಾನು ಕಂಡಿಲ್ಲ. ಉತ್ತರ ಹೇಳಿದವರನ್ನೂ ಕಂಡಿಲ್ಲ. ಸ್ಟೂಲಿನ ಮೇಲೇ ಕೂತೆ.

"ಭಾರ ಇದ್ದೆ," ಅಂದೆ. "ತಲೆ ತುಂಬ ಕೂದಲು. ನನ್ನ ಕಿವಿಯೋಲೆ ಹಿಡಿದು ಜಗ್ಗುತ್ತಿದ್ದೆ. ಬೆಲ್ಲ ಕಂಡ್ರೆ ಇಡೀ ಮೈ ಕುಣಿಸ್ತಿದ್ದೆ. ಅಮ್ಮ ನೀರು ಹುಯ್ಯುವಾಗ ಅಳ್ತಿದ್ದೆ, ನಾನು ಹುಯ್ದರೆ ಅಳ್ತಿರಲಿಲ್ಲ."

"ಆಮೇಲೆ?"

"ನಡೆಯೋದು ಕಲಿತಿದ್ದು ನನ್ನ ಲಂಗ ಹಿಡ್ಕೊಂಡು. ಲಂಗ ಪೂರ್ತಿ ಜೋತುಬಿದ್ದುಹೋಗಿತ್ತು. ಅಮ್ಮ ಬೈದಳು. ನಿನಗೆ ಮೊದಲು ಬಂದ ಮಾತು ಅಕ್ಕ."

ಅವಳು ನೆಲ ನೋಡುತ್ತಿದ್ದಳು. ಅಲ್ಲಿ ಚೆಲ್ಲಿದ್ದ ಹಿಟ್ಟಿನ ಮೇಲೆ ಕಾಲಿನ ಹೆಬ್ಬೆರಳಿನಿಂದ ಏನೋ ಗೀರಿದಳು.

"ಈ ಕೈ ಹೇಗೆ ಹೀಗಾಯ್ತು? ಅಮ್ಮನೂ ಹೇಳಿರಲಿಲ್ಲ."

ಬಾವಿಯ ಕಟ್ಟೆ, ಜಾರಿದ ಮೆಟ್ಟಿಲು, ಎದೆಗೆ ಅವುಚಿಕೊಂಡ ಬಿಸಿ ಮೈ, ಎಲ್ಲ ಬಾಯಿಯವರೆಗೆ ಬಂತು. ಹಿಂದೆ ಬಾಯಿ ಮುಚ್ಚಿಕೊಂಡದ್ದು ನನಗೋಸ್ಕರ. ಈ ಸಲ ಹಾಗಲ್ಲ.

"ಗೊತ್ತಿಲ್ಲ," ಅಂದೆ. "ಹುಟ್ಟುತ್ತಲೇ ಹೀಗಿತ್ತೇನೋ."

ಅವಳು ಒಪ್ಪಿದಳೋ ಇಲ್ಲವೋ ಗೊತ್ತಾಗಲಿಲ್ಲ. "ಆಮೇಲೆ?" ಅಂದಳು ಮತ್ತೆ, ಮಕ್ಕಳು ಕೇಳುವ ಹಾಗೆ.

"ಆಮೇಲೆ ನಿನ್ನ ಕೈ ಕಿವಿ ಮುಟ್ಟಿತು."

ಅವಳು ತಲೆಯಾಡಿಸಿದಳು. ಬಗ್ಗಿ ಚೀಲದ ಬಾಯಿ ಕಟ್ಟಿ ಸೊಂಟದ ಮೇಲೆ ಇಟ್ಟುಕೊಂಡಳು. ಬಿಸಿ ಹಿಟ್ಟಿನ ಚೀಲ ಸೊಂಟದ ಮೇಲೆ ಚೆನ್ನಾಗಿ ಕೂರುವುದಿಲ್ಲ, ಕೈ ಸುತ್ತಿ ಹಿಡಿಯಬೇಕಾಗುತ್ತದೆ. ಹಾಗೇ ಹಿಡಿದುಕೊಂಡು ಬಾಗಿಲು ದಾಟುವಾಗ, ತಿರುಗದೆ, "ಬರ್ತೀನಿ," ಅಂದಳು. ಅಕ್ಕ ಅನ್ನಲಿಲ್ಲ. ಗಂಗಾ ಅಂತಲೂ ಅನ್ನಲಿಲ್ಲ.